ಸಂಪಾದಕರ ಉತ್ತರ: ವಾಲ್ವು ಬದಲಿಸಬೇಡಿ, ಟ್ಯಾಂಕಿನ ನಂಬರ್ ಓದಿ

ಬಳ್ಳಾರಿ ಕೌಲ್‌ಬಜಾರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದು, ಜೊತೆಗೆ ಆರು ಫೋಟೋ ಇಟ್ಟಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ನಾನು ಜಾತ್ರೆ, ಮದುವೆ ಆರ್ಕೆಸ್ಟ್ರಾಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವನು. ಐದು ತಿಂಗಳು ಕೂತು ವಾಲ್ವಿನ (ಹಳೆಯ ರೇಡಿಯೋಗಳಲ್ಲಿ ಬಲ್ಬಿನ ಹಾಗೆ ಕಾಣುವ ಗಾಜಿನ ವಾಲ್ವು) ರಿವರ್ಬ್ ಪೆಟ್ಟಿಗೆ, ಅಂದರೆ ಗಿಟಾರಿನ ಸದ್ದಿಗೆ ಗುಂಜು ಕೊಡುವ ಪೆಟ್ಟಿಗೆ ಕಟ್ಟಿದ್ದೇನೆ. ಗುಂಜು ಬರುತ್ತದೆ, ಆದರೆ ಪಕ್ಕದ ಓಣಿಯಲ್ಲಿ ಯಾರೋ ನುಡಿಸಿದಷ್ಟು ಸಣ್ಣಗೆ. ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು ಮಾತ್ರ ಜೋರು. 12ಎಟಿ7 ವಾಲ್ವನ್ನು ಎರಡು ಸಲ ಬದಲಿಸಿದೆ, ಏನೂ ಫರಕಾಗಲಿಲ್ಲ. ಹಳೆಯ ಕಾಲದ ದುಬಾರಿ ವಾಲ್ವು ತರಿಸಲೇ? ಇದಕ್ಕೆ ವೈಬ್ರೆಟೋ ಸೇರಿಸುವ ಆಸೆಯೂ ಇದೆ. ಅದಕ್ಕೆ ನಮ್ಮಜ್ಜನ ರೇಡಿಯೋದ ಚಾಸಿಸ್ಸನ್ನು (ಒಳಗಿನ ತಗಡಿನ ಚೌಕಟ್ಟನ್ನು) ಹಾಗೇ ಬಳಸಬಹುದೇ? ಗೆಳೆಯರಂತೂ ಡಿಜಿಟಲ್ ಪೆಡಲ್ ತಗೊಂಡು ಇದನ್ನು ಬಿಟ್ಟುಬಿಡು ಅಂತಾರೆ."

ಪ್ರಿಯ ಓದುಗರೇ,

ರೇಡಿಯೋದ ಮಾತು ಮೊದಲು. ಅದು ಪ್ರಾಣದ ಪ್ರಶ್ನೆ.

ಅಜ್ಜನ ರೇಡಿಯೋ ಹಿಂಬದಿಯ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಒಂದು ವಾಲ್ವಿನ ಗಾಜಿನ ಮೇಲೆ ಯುಎಲ್84, ಇನ್ನೊಂದರ ಮೇಲೆ ಯುವೈ85 ಎಂದು ಮಾಸಿದ ಅಕ್ಷರ ಕಾಣುತ್ತದೆ. 'ಯು'ದಿಂದ ಶುರುವಾಗುವ ವಾಲ್ವುಗಳ ರೇಡಿಯೋದಲ್ಲಿ ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ. ಎಲ್ಲ ವಾಲ್ವುಗಳ ಹೀಟರನ್ನೂ ಒಂದರ ಹಿಂದೆ ಒಂದು ಸರಪಳಿ ಕಟ್ಟಿ ನೇರ ಲೈನಿಗೆ ಕೊಟ್ಟಿರುತ್ತಾರೆ. ಕರೆಂಟಿನ ಎರಡು ವೈರುಗಳಲ್ಲಿ ಒಂದು ಚಾಸಿಸ್ಸಿಗೇ ಬಂದು ಕೂತಿರುತ್ತದೆ. ಪ್ಲಗ್ಗನ್ನು ತಿರುವಿ ಹಾಕಿದರೆ ಆ ತಗಡಿನಲ್ಲಿ 230 ವೋಲ್ಟ್! ಮರದ ಪೆಟ್ಟಿಗೆ, ಬೇಕಲೈಟ್ ಗುಂಡಿ ಇದ್ದುದರಿಂದ ಅಜ್ಜನ ಕೈಗೆ ಅದು ತಾಗಲಿಲ್ಲ. ಗಿಟಾರಿನ ಸಂಗತಿ ಹಾಗಲ್ಲ. ಚಾಸಿಸ್ಸಿನಿಂದ ಜ್ಯಾಕ್, ಜ್ಯಾಕಿನಿಂದ ಕೇಬಲ್ಲಿನ ಜಾಲರಿ, ಅಲ್ಲಿಂದ ಬ್ರಿಡ್ಜು, ಬ್ರಿಡ್ಜಿನಿಂದ ತಂತಿ, ತಂತಿಯ ಮೇಲೆ ನಿಮ್ಮ ಬೆರಳು. ಹಾಡಲೆಂದು ಅರ್ಥ್ ಆದ ಮೈಕಿಗೆ ತುಟಿ ತಾಗಿಸಿದರೆ ದಾರಿ ಪೂರ್ತಿಯಾಯಿತು. ಆ ಚಾಸಿಸ್ ಬೇಡವೇ ಬೇಡ. ರೇಡಿಯೋವನ್ನು ಅಜ್ಜನ ನೆನಪಿಗೆ ಇಟ್ಟುಕೊಳ್ಳಿ.

ನೀವು ಕಟ್ಟಿರುವ ಪೆಟ್ಟಿಗೆಯಲ್ಲಿ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಇದೆ, ಮೂರು ಪಿನ್ನಿನ ಪ್ಲಗ್ ಇದೆ, ಫ್ಯೂಸ್ ಇದೆ. ನೋಡಿ ಸಮಾಧಾನವಾಯಿತು. ಆದರೆ ಕರೆಂಟಿನ ಏರಿಳಿತವನ್ನು ನಯಗೊಳಿಸುವ ಫಿಲ್ಟರ್ ಕಪಾಸಿಟರಿಗೆ ಅಡ್ಡ, ಅದರಲ್ಲಿ ಉಳಿದ ಚಾರ್ಜನ್ನು ಹರಿಸಿಬಿಡುವ ಬ್ಲೀಡರ್ ರೆಸಿಸ್ಟರ್ ಕಾಣಲಿಲ್ಲ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ 300 ವೋಲ್ಟ್ ಕೂತಿರಬಲ್ಲದು. 220 ಕಿಲೋಓಮ್, 2 ವ್ಯಾಟಿನದೊಂದು ಹಾಕಿ. 47 ಮೈಕ್ರೋಫ್ಯಾರಡ್ ಕಪಾಸಿಟರ್ ಒಂದು ನಿಮಿಷದಲ್ಲಿ 1 ವೋಲ್ಟಿನ ಹತ್ತಿರಕ್ಕೆ ಇಳಿಯುತ್ತದೆ. ಆದರೂ ಮೀಟರ್ ಹಿಡಿದು ನೋಡದೆ ಕೈ ಹಾಕಬೇಡಿ. ನಾನು ಕೊಪ್ಪಳದ ಮೈಕ್‌ಸೆಟ್ ಅಂಗಡಿಯೊಂದರಲ್ಲಿ ಕೆಲಸ ಕಲಿತವನು. ಅಲ್ಲಿನ ಉಸ್ತಾದರು ನನಗೆ ಸೋಲ್ಡರಿಂಗ್ ಕಲಿಸುವ ಮೊದಲು ಕಲಿಸಿದ್ದು ಇದನ್ನು: "ತಮ್ಮಾ, ಎಡಗೈ ಕಿಸೇದಾಗ ಇಟಗೋ. ಎರಡೂ ಕೈ ಒಳಗ ಹಾಕಿದ್ರ ಕರೆಂಟ್ ಎದಿ ದಾಟಿ ಹೋಗತೈತಿ." ಅವರು ಚಾಲೂ ಇದ್ದ ಆಂಪ್ಲಿಫೈಯರಿನ ಮುಂದೆ ಬಗ್ಗಿದಾಗಲೆಲ್ಲ ಎಡಗೈ ತಾನಾಗಿ ಪೈಜಾಮದ ಕಿಸೆಗೆ ಹೋಗುತ್ತಿತ್ತು. ನಲವತ್ತು ವರ್ಷದ ಮೇಲೆ ನನ್ನ ಕೈಯೂ ಹಾಗೇ ಹೋಗುತ್ತದೆ.

ಇನ್ನು ಗುಂಜಿನ ವಿಷಯ. ನಿಮ್ಮ ವಾಲ್ವುಗಳಲ್ಲಿ ದೋಷವಿಲ್ಲ. ಐದನೇ ಫೋಟೋದಲ್ಲಿ ಸ್ಪ್ರಿಂಗ್ ಟ್ಯಾಂಕಿನ (ಗುಂಜು ಹುಟ್ಟಿಸುವ ಸ್ಪ್ರಿಂಗುಗಳಿರುವ ತಗಡಿನ ಡಬ್ಬಿಯ) ಮೇಲೆ ಅಚ್ಚು ಹಾಕಿದ ನಂಬರ್ ಇದೆ: 4ಎಫ್‌ಬಿ3ಸಿ1ಬಿ. ನಿಮ್ಮ ಐದು ತಿಂಗಳ ಒದ್ದಾಟಕ್ಕೆ ಕಾರಣ ಅದರ ಎರಡನೆಯ ಅಕ್ಷರ. ಅಲ್ಲಿ 'ಎಫ್' ಇದೆ, 'ಎ' ಇರಬೇಕಿತ್ತು.

ಮೊದಲಿನ 4 ಎಂದರೆ ಉದ್ದನೆಯ ಜಾತಿಯ ಟ್ಯಾಂಕು, ಸುಮಾರು 17 ಇಂಚು. ಎರಡನೆಯ ಅಕ್ಷರ ಒಳಬರುವ ಕಾಯಿಲಿನ ಇಂಪಿಡೆನ್ಸು, ಅಂದರೆ ಸಿಗ್ನಲ್ಲಿಗೆ ಅದು ಒಡ್ಡುವ ತಡೆ: 'ಎ' ಎಂದರೆ 8 ಓಮ್, 'ಎಫ್' ಎಂದರೆ 1475 ಓಮ್. ನಂಬರ್ ಅಳಿಸಿಹೋಗಿದ್ದರೂ ಮಲ್ಟಿಮೀಟರ್ ಹೇಳಿಬಿಡುತ್ತದೆ. ಪ್ಲಗ್ ಬಿಚ್ಚಿ ಕಾಯಿಲನ್ನು ಅಳೆದರೆ 'ಎ' ಟ್ಯಾಂಕು 1 ಓಮಿಗೂ ಕಡಿಮೆ ತೋರಿಸುತ್ತದೆ, 'ಎಫ್' ಸುಮಾರು 200 ಓಮ್.

ನೀವು ಅನುಸರಿಸಿದ ನಕ್ಷೆಯಲ್ಲಿ 12ಎಟಿ7ರ ಎರಡೂ ಭಾಗಗಳನ್ನು ಒಟ್ಟಿಗೆ ಕಟ್ಟಿ, ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಮೂಲಕ ಸ್ಪ್ರಿಂಗನ್ನು ದೂಡುತ್ತಾರೆ. ಆ ಟ್ರಾನ್ಸ್‌ಫಾರ್ಮರಿನ ಕೆಲಸ ವಾಲ್ವಿನ ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟನ್ನು ತಿರುವಿ, ಕಡಿಮೆ ವೋಲ್ಟೇಜು, ಹೆಚ್ಚು ಕರೆಂಟು ಮಾಡಿಕೊಡುವುದು. ಕಾಯಿಲಿಗೆ ಬೇಕಾದದ್ದು ಕರೆಂಟು. 8 ಓಮಿನ ಕಾಯಿಲನ್ನು ಪೂರ್ತಿ ಕುಣಿಸಲು ಸುಮಾರು 28 ಮಿಲಿಆಂಪಿಯರ್ ಸಾಕು, ಅದಕ್ಕೆ ಕಾಲು ವೋಲ್ಟೂ ಬೇಡ. 1475 ಓಮಿನ ಕಾಯಿಲಿಗೆ 2 ಮಿಲಿಆಂಪಿಯರ್ ಸಾಕಾದರೂ, ಅಷ್ಟನ್ನು ಅದರೊಳಗೆ ತಳ್ಳಲು 3 ವೋಲ್ಟ್ ಬೇಕು. ಹದಿಮೂರು ಪಟ್ಟು! ನಿಮ್ಮ ಟ್ರಾನ್ಸ್‌ಫಾರ್ಮರ್ ಕೊಡುವ ಸಣ್ಣ ವೋಲ್ಟೇಜಿಗೆ ಆ ಕಾಯಿಲು ಅಲುಗುವುದೇ ಕಷ್ಟ. ಇಂಥ ಕಡೆ ಎಂಥ ದುಬಾರಿ ವಾಲ್ವು ಹಾಕಿದರೂ ಅಷ್ಟೇ. 4ಎಬಿ3ಸಿ1ಬಿ ತರಿಸಿ, ವಾಲ್ವಿನ ದುಡ್ಡು ಉಳಿಸಿ. ಈಗಿರುವ ಟ್ಯಾಂಕೂ ದಂಡವಲ್ಲ. ಮುಂದೆಂದಾದರೂ ಟ್ರಾನ್ಸ್‌ಫಾರ್ಮರ್ ಇಲ್ಲದೆ, 12ಎಯು7ರ ಕ್ಯಾಥೋಡಿನಿಂದ ಕಪಾಸಿಟರ್ ಮೂಲಕ ನೇರ ದೂಡುವ ಸರ್ಕೀಟು ಕಟ್ಟಿದರೆ ಅದಕ್ಕೆ 'ಎಫ್' ಟ್ಯಾಂಕೇ ಸರಿ.

ಸ್ಪ್ರಿಂಗಿನ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಪತ್ರದಲ್ಲಿ ಅದು ತಂತಿಯ ಹಾಗೆ ಮೇಲೆ ಕೆಳಗೆ ಕಂಪಿಸುತ್ತದೆಂದು ಬರೆದಿದ್ದೀರಿ. ಹಾಗಲ್ಲ. ಕಾಯಿಲಿನ ನಡುವೆ ಜೋಳದ ಕಾಳಿಗಿಂತ ಚಿಕ್ಕ ಅಯಸ್ಕಾಂತವಿದೆ, ಸ್ಪ್ರಿಂಗಿನ ತುದಿ ಅದಕ್ಕೆ ಅಂಟಿದೆ. ಅಯಸ್ಕಾಂತ ಆಚೀಚೆ ತಿರುಗಿದಾಗ ಸ್ಪ್ರಿಂಗು ತಿರುಚಿಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡುವಾಗಿನ ತಿರುಚು. ಆ ತಿರುಚು ಈ ತುದಿಯಿಂದ ಆ ತುದಿಗೆ ಹೋಗಲು ಒಂದು ಸ್ಪ್ರಿಂಗಿನಲ್ಲಿ 33 ಮಿಲಿಸೆಕೆಂಡು, ಇನ್ನೊಂದರಲ್ಲಿ 41. ಬೇಕೆಂತಲೇ ಬೇರೆ ಬೇರೆ ಇಟ್ಟಿದ್ದಾರೆ. ಒಂದೇ ಇದ್ದರೆ ಬಾವಿಗೆ ಕೂಗಿದ ಹಾಗೆ ಎಣಿಸಬಹುದಾದ ಮಾರ್ದನಿ ಬರುತ್ತಿತ್ತು. ಎರಡು ಸೇರಿ, ತುದಿಯಿಂದ ತುದಿಗೆ ಓಡಾಡಿ, ಒಂದರೊಳಗೊಂದು ಕಲಸಿದಾಗಲೇ ಅದು ಗುಂಜು. ಕೆಳಸ್ವರಗಳು ಹೆಚ್ಚು ನುಗ್ಗಿದರೆ ಇದೆಲ್ಲ ರಾಡಿಯಾಗುತ್ತದೆ. ಅದಕ್ಕೇ 12ಎಟಿ7ರ ಗ್ರಿಡ್ಡಿಗೆ (ಸಿಗ್ನಲ್ ಒಳಬರುವ ಕಾಲಿಗೆ) 500 ಪಿಕೋಫ್ಯಾರಡಿನ ಸಣ್ಣ ಕಪಾಸಿಟರ್, 1 ಮೆಗಓಮ್ ರೆಸಿಸ್ಟರ್. ಇವೆರಡು ಸೇರಿ 318 ಹರ್ಟ್ಸಿನಿಂದ ಕೆಳಗಿನದನ್ನು ಇಳಿಸುತ್ತ ಹೋಗುತ್ತವೆ. ನೀವು ಅಲ್ಲಿ 0.02 ಮೈಕ್ರೋಫ್ಯಾರಡ್ ಹಾಕಿದ್ದೀರಿ. ದಯವಿಟ್ಟು ತೆಗೆಯಿರಿ.

ಅಮೆರಿಕದ ಗಿಟಾರ್ ಕಂಪನಿ ಫೆಂಡರ್ 1961ರಲ್ಲಿ ಮೊದಲು ತಂದ ಬಿಡಿ ರಿವರ್ಬ್ ಪೆಟ್ಟಿಗೆಯಲ್ಲಿ ಸ್ಪ್ರಿಂಗನ್ನು ದೂಡುತ್ತಿದ್ದುದು 6ಕೆ6 ಎಂಬ ಪವರ್ ವಾಲ್ವು. ಕಾಯಿಲಿನ ಇಂಪಿಡೆನ್ಸು ಸ್ವರ ಏರಿದಂತೆ ಏರುತ್ತದೆ. 6ಕೆ6ನಂಥ ಪೆಂಟೋಡ್ ಜಾತಿಯ ವಾಲ್ವು ಅದಕ್ಕೆ ಅಷ್ಟಾಗಿ ಬಗ್ಗದೆ ಕರೆಂಟು ತಳ್ಳುತ್ತದೆ, ಆದ್ದರಿಂದ ಮೇಲಿನ ಸ್ವರಗಳು ಉಳಿಯುತ್ತವೆ. ಕ್ಯಾಲಿಫೋರ್ನಿಯಾದ ಸರ್ಫ್ ಗಿಟಾರಿನ ಆ ನೀರು ತೊಟ್ಟಿಕ್ಕುವಂಥ ಸದ್ದಿಗೆ ಅದೂ ಒಂದು ಕಾರಣ. ನನಗೆ ಇಂದಿಗೂ ಆ ಹಳೆಯ ನಕ್ಷೆಯೇ ಹೆಚ್ಚು ಇಷ್ಟ. ಆದರೆ ಕಟ್ಟಿದ್ದನ್ನು ಈಗ ಕಿತ್ತುಹಾಕಬೇಡಿ. ಅಂದಹಾಗೆ, ಅದೇ 1961ರಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಹಳೆಯ ಮೈಕ್‌ಸೆಟ್ ಅಂಗಡಿಗಳ ಅಟ್ಟದ ಮೇಲೆ ಇಸಿಸಿ83, ಇಸಿಸಿ81 ಸಿಕ್ಕರೆ ಬಿಡಬೇಡಿ. ಅವು 12ಎಎಕ್ಸ್7, 12ಎಟಿ7ರ ಯುರೋಪಿನ ಹೆಸರುಗಳು, ಅಷ್ಟೇ.

ಹಮ್ ಎಲ್ಲಿಂದ ಬರುತ್ತಿದೆ ಎಂದು ಗಿಟಾರಿನಿಂದಲೇ ಕಂಡುಹಿಡಿಯಬಹುದು. ದಪ್ಪ ತಂತಿಯ ಮೂರನೇ ಫ್ರೆಟ್ ನುಡಿಸಿ. ಅದು 98 ಹರ್ಟ್ಸು. ಹಮ್ ಅದಕ್ಕೆ ಹೆಚ್ಚುಕಡಿಮೆ ಕೂಡಿದರೆ 100 ಹರ್ಟ್ಸು, ಅಂದರೆ ಫಿಲ್ಟರ್ ಕಪಾಸಿಟರ್ ಸೋತಿದೆ. ಅದರ ಕೆಳಗಿನ ಸಪ್ತಕದಲ್ಲಿ ಕೇಳಿದರೆ 50 ಹರ್ಟ್ಸು, ಟ್ರಾನ್ಸ್‌ಫಾರ್ಮರಿನದೋ ಹೀಟರ್ ವೈರಿನದೋ. ನಿಮ್ಮದು ಎರಡನೆಯದಿರಬೇಕು, ಏಕೆಂದರೆ ಟ್ಯಾಂಕನ್ನು ಪವರ್ ಟ್ರಾನ್ಸ್‌ಫಾರ್ಮರಿನ ಮಗ್ಗುಲಲ್ಲೇ, ಅದೂ ಅಂಚಿನ ಮೇಲೆ ನಿಲ್ಲಿಸಿದ್ದೀರಿ. ಟ್ಯಾಂಕಿನ ಆಚೆ ತುದಿಯಿಂದ ಬರುವುದು ಕೆಲವೇ ಮಿಲಿವೋಲ್ಟು. ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಗುಂಯ್‌ಗುಟ್ಟುವಿಕೆಯನ್ನೂ ಆ ಕಾಯಿಲು ಹೀರಿಕೊಳ್ಳುತ್ತದೆ. ಟ್ಯಾಂಕಿನ ಸ್ಕ್ರೂ ಬಿಚ್ಚಿ, ಪೆಟ್ಟಿಗೆಯ ಹೊರಗೆ ಉದ್ದ ಕೇಬಲ್ಲಿನಲ್ಲಿ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸುತ್ತ ಕೇಳಿ. ಒಂದು ಕೋನದಲ್ಲಿ ಹಮ್ ಸತ್ತಂತಾಗುತ್ತದೆ. ನಂಬರಿನ ಕೊನೆಯ 'ಬಿ'ಗೆ ಅರ್ಥ, ತೆರೆದ ಬದಿ ಕೆಳಗೆ ಮಾಡಿ ಅಡ್ಡ ಮಲಗಿಸಬೇಕು ಎಂದು. ನಿಲ್ಲಿಸಿದರೆ ಸ್ಪ್ರಿಂಗು ಜೋತು, ಅಯಸ್ಕಾಂತ ನಡುವಿನಿಂದ ಸರಿಯುತ್ತದೆ. ಹಾಗಾಗಿ ಮಲಗಿಸಿಯೇ, ಔಟ್‌ಪುಟ್ ತುದಿಯನ್ನು ಟ್ರಾನ್ಸ್‌ಫಾರ್ಮರಿನಿಂದ ಆದಷ್ಟು ದೂರ ಇಟ್ಟು, ಹಮ್ ಕಡಿಮೆಯಾದ ಜಾಗದಲ್ಲಿ ರಬ್ಬರ್ ತುಂಡುಗಳ ಮೇಲೆ ಕೂರಿಸಿ. ಸುತ್ತ ಬಟ್ಟೆಯ ಚೀಲವೂ ಇರಲಿ. ನಮ್ಮೂರ ಕೆಂಪು ಧೂಳು ಕಾಯಿಲಿನ ಸಂದಿಗೆ ಹೊಕ್ಕರೆ ಅಯಸ್ಕಾಂತ ತಿಕ್ಕತೊಡಗುತ್ತದೆ. ನಿಮ್ಮ ಓಣಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ.

ಜಾತ್ರೆಯ ಕರೆಂಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಲೈನು 180ಕ್ಕೆ ಇಳಿದರೆ 6.3 ವೋಲ್ಟಿನ ಹೀಟರಿಗೆ ಸಿಗುವುದು 4.9. ಗುಂಜು ಮಂಕಾಗುತ್ತದೆ, ನೀವು ಮತ್ತೆ ವಾಲ್ವನ್ನು ಶಂಕಿಸುತ್ತೀರಿ. ಒಂದು ಸ್ಟೆಬಿಲೈಸರ್ ಜೊತೆಗಿರಲಿ.

ವೈಬ್ರೆಟೋಗೆ ಬರುತ್ತೇನೆ. ನಿಮಗೆ ಬೇಕಾದದ್ದು ಸ್ವರ ಅಲುಗುವುದೋ, ಸದ್ದು ಏರಿಳಿಯುವುದೋ? ಬಳ್ಳಾರಿ ರಾಘವರ, ಸುಭದ್ರಮ್ಮ ಮನ್ಸೂರರ ಊರಿನವರು ನೀವು, ನಾಟಕದ ಹಾರ್ಮೋನಿಯಂ ಕೇಳಿಯೇ ಇರುತ್ತೀರಿ. ಕೆಲವು ಹಾರ್ಮೋನಿಯಂಗಳ ಮುಂದಿನ ಗುಂಡಿಗಳಲ್ಲಿ ಟ್ರೆಮೊಲೊ ಎಂಬುದೊಂದು ಇರುತ್ತದೆ. ಎಳೆದರೆ ಒಳಗೊಂದು ರೆಕ್ಕೆ ಗಾಳಿಗೆ ಪಟಪಟ ಬಡಿದು ಸದ್ದು ನಡುಗುತ್ತದೆ, ಸ್ವರ ಮಾತ್ರ ಇದ್ದಲ್ಲೇ ಇರುತ್ತದೆ. ಹಾಡುವವರ ಗಂಟಲಿನ ಕಂಪಿತ ಬೇರೆ, ಅಲ್ಲಿ ಸ್ವರವೇ ಮೇಲೆ ಕೆಳಗೆ ಓಲಾಡುತ್ತದೆ. ನಿಜವಾದ ವೈಬ್ರೆಟೋ ಅದು. ಫೆಂಡರ್‌ನವರು ಈ ಹೆಸರುಗಳನ್ನು ಅದಲುಬದಲು ಮಾಡಿಟ್ಟರು: 1954ರ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನ ಸ್ವರ ಅಲುಗಿಸುವ ಹಿಡಿಗೆ ಟ್ರೆಮೊಲೊ ಎಂದರು, ಸದ್ದು ಏರಿಳಿಸುವ ಆಂಪ್ಲಿಫೈಯರಿಗೆ ವೈಬ್ರೆಟೋ ಎಂದರು. ನಿಮ್ಮ ಕೈಯಲ್ಲಿರುವ ನಕ್ಷೆಯದೂ ಟ್ರೆಮೊಲೊವೇ. ವಾಲ್ವಿನಿಂದ ನಿಜವಾದ ವೈಬ್ರೆಟೋ ಮಾಡಿದವರು 1950ರ ದಶಕದ ಕೊನೆಗೆ ಮ್ಯಾಗ್ನಟೋನ್‌ನವರು. ಅದಕ್ಕೆ ಅವರು ಬಳಸಿದ, ವೋಲ್ಟೇಜಿಗೆ ತಕ್ಕಂತೆ ತಡೆ ಬದಲಿಸುವ ವೇರಿಸ್ಟರುಗಳನ್ನು ಹುಡುಕುತ್ತ ಹೋದರೆ ವರ್ಷ ಕಳೆಯುತ್ತದೆ. ಟ್ರೆಮೊಲೊ ಕಟ್ಟಿ.

ಅದು ಸುಲಭ. 12ಎಎಕ್ಸ್7ರ ಅರ್ಧ ಭಾಗದ ಪ್ಲೇಟಿನಿಂದ (ಸಿಗ್ನಲ್ ಹೊರಬರುವ ಕಾಲಿನಿಂದ) ಗ್ರಿಡ್ಡಿಗೆ ಮೂರು ಕಪಾಸಿಟರ್, ಮೂರು ರೆಸಿಸ್ಟರಿನ ಏಣಿ. ಒಂದೊಂದೂ 0.01 ಮೈಕ್ರೋಫ್ಯಾರಡ್, 1 ಮೆಗಓಮ್ ಇಟ್ಟರೆ ಸೆಕೆಂಡಿಗೆ ಸುಮಾರು ಆರೂವರೆ ಸಲ ತೂಗುತ್ತದೆ. ಒಂದು ರೆಸಿಸ್ಟರಿನ ಬದಲು ಗುಂಡಿ ತಿರುವಿ ಬೆಲೆ ಬದಲಿಸುವ ಪಾಟ್ ಹಾಕಿದರೆ ವೇಗ ನಿಮ್ಮ ಕೈಯಲ್ಲಿ. ಏಣಿ ದಾಟುವಾಗ ಸಿಗ್ನಲ್ 29ರಲ್ಲಿ ಒಂದು ಪಾಲು ಉಳಿಯುವುದರಿಂದ ವಾಲ್ವು ಅಷ್ಟನ್ನು ತುಂಬಿಕೊಡಬೇಕು. 12ಎಎಕ್ಸ್7 ಅದರ ದುಪ್ಪಟ್ಟಿನ ಹತ್ತಿರ ಕೊಡುತ್ತದೆ. ಸೋತ ವಾಲ್ವಾದರೆ ತೂಗಾಟ ಶುರುವೇ ಆಗುವುದಿಲ್ಲ. ವಾಲ್ವು ಬದಲಿಸಿ ನೋಡಬೇಕಾದ ಜಾಗ ಇದು. ಉಳಿದ ಅರ್ಧ ಭಾಗ ಒಂದು ನಿಯಾನ್ ದೀಪ ಮಿನುಗಿಸುತ್ತದೆ, ಲೈನ್ ಟೆಸ್ಟರಿನೊಳಗೆ ಕಾಣುವ ಅದೇ ಕೆಂಪು ದೀಪದ ಜಾತಿ. ಅದರೆದುರು, ಬೆಳಕು ಬಿದ್ದಾಗ ತಡೆ ಕಡಿಮೆಯಾಗುವ ಒಂದು ಎಲ್‌ಡಿಆರ್ ಇಟ್ಟು, ಎರಡನ್ನೂ ಬೆಳಕು ಹೊಗದಂತೆ ಕಪ್ಪು ಸ್ಲೀವಿನಲ್ಲಿ ಮುಚ್ಚಿ. ದೀಪ ಹತ್ತಿದಾಗ ಎಲ್‌ಡಿಆರ್ ಸಿಗ್ನಲ್ಲನ್ನು ಅರ್ಥಿಗೆ ಇಳಿಸುತ್ತದೆ, ಆರಿದಾಗ ಬಿಡುತ್ತದೆ. ಇದನ್ನು ರಿವರ್ಬ್ ಬೆರೆತ ಮೇಲೆ ಸೇರಿಸಿ. ಆಗ ಗುಂಜೂ ಸ್ವರದ ಜೊತೆಗೇ ಉಸಿರಾಡುತ್ತದೆ. ಮೊದಲೇ ಸೇರಿಸಿದರೆ ಸ್ವರ ತೂಗುವಾಗ ಹಿಂದಿನ ಗುಂಜು ಆ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ.

ಗೆಳೆಯರ ಪೆಡಲ್ಲಿನ ಮಾತು ತಪ್ಪಲ್ಲ. ರಾತ್ರಿ ಹನ್ನೊಂದಕ್ಕೆ ಜೀಪಿನ ಹಿಂದೆ ಸಾಮಾನು ತುಂಬಿ ಸಿರುಗುಪ್ಪಕ್ಕೋ ಗಂಗಾವತಿಗೋ ಓಡುವಾಗ ಪೆಡಲ್ ಕೈ ಬಿಡುವುದಿಲ್ಲ, ಒಂದು ಇಟ್ಟುಕೊಳ್ಳಿ. ಆದರೆ ಪೆಟ್ಟಿಗೆಯನ್ನು ಬಿಡಬೇಡಿ. ಪಿಕ್ಕಿನ ಹೊಡೆತ ಜೋರಾದಂತೆ ಸ್ಪ್ರಿಂಗು ಮಿಡುಕುವ ಬಗೆಯೇ ಬೇರಾಗುತ್ತದೆ. ಕೈಗೂ ಕಿವಿಗೂ ನಡುವೆ ಒಂದು ನಿಜವಾದ ಲೋಹ ಅಲುಗುತ್ತಿರುತ್ತದೆ. ಅದಕ್ಕಾಗಿ ಐದು ತಿಂಗಳು ಕೂತವರಿಗೆ ಬಿಟ್ಟುಬಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ.

ಹೊಸ ಟ್ಯಾಂಕು ಬಂದ ಮೇಲೆ ಎರಡು ಕಾಯಿಲುಗಳನ್ನೂ ಅಳೆಯಿರಿ. ಒಳಬದಿ 1 ಓಮಿನ ಕೆಳಗೆ, ಹೊರಬದಿ 200ರ ಆಸುಪಾಸು ಬರಬೇಕು. ಬಂದ ಅಳತೆಯನ್ನು, ಹಮ್ ಯಾವ ಫ್ರೆಟ್ಟಿಗೆ ಕೂಡಿತು ಎಂಬುದನ್ನು ಬರೆದು ಕಳಿಸಿ. ಬ್ಲೀಡರ್ ಹಾಕಿದ ಫೋಟೋವನ್ನೂ ಕಳಿಸಿ. ಮೊದಲು ಅದನ್ನೇ ನೋಡುತ್ತೇನೆ.

— ಸಂಪಾದಕ