ಕೊಟೇಷನ್ ಕೇಳಿದ್ದಾರೆ, ಏನಂತ ಬರೆಯಲಿ?

ಪ್ರಶ್ನೆ: ನಾನು ಮರಗೆಲಸದವನು. ಇಷ್ಟು ವರ್ಷ ಚದರ ಅಡಿಗೆ ಇಷ್ಟು ಅಂತ ಬಾಯಲ್ಲೇ ರೇಟು ಹೇಳಿ ಕೆಲಸ ಹಿಡಿಯುತ್ತಿದ್ದೆ. ಈಗ ಒಂದು ಹೊಸ ಮನೆಯವರು ಅಡುಗೆಮನೆ ಮತ್ತು ವಾರ್ಡ್‌ರೋಬಿಗೆ ಕೊಟೇಷನ್ ಕೊಡಿ ಅಂದಿದ್ದಾರೆ, ಬೇರೆಯವರ ಹತ್ತಿರವೂ ಕೇಳಿದ್ದಾರಂತೆ. ಜಾಸ್ತಿ ಬರೆದರೆ ಕೆಲಸ ತಪ್ಪುತ್ತೆ, ಕಡಿಮೆ ಬರೆದರೆ ಕೈಯಿಂದ ಹಾಕಬೇಕು. ನನಗೆ ಜಿಎಸ್‌ಟಿ ನಂಬರೂ ಇಲ್ಲ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಮೊದಲು ಟೇಪು ಹಿಡಿದು ಆ ಮನೆಗೆ ಹೋಗಿ. ಫೋನಲ್ಲಿ ಹೇಳಿದ ಅಳತೆಗೆ ರೇಟು ಬರೆಯಬೇಡಿ.

ನಿಮ್ಮ ಕೆಲಸದಲ್ಲಿ ದುಡ್ಡು ಕೈಬಿಡುವುದು ಎಲ್ಲಿ ಅಂತ ಒಂದು ಲೆಕ್ಕ ಹಾಕಿ ನೋಡೋಣ. 7 ಅಡಿ ಎತ್ತರ, 6 ಅಡಿ ಅಗಲ, 2 ಅಡಿ ಆಳದ ವಾರ್ಡ್‌ರೋಬ್. ನಡುವೆ ಒಂದು ಪಾರ್ಟಿಶನ್, ನಾಲ್ಕು ಶೆಲ್ಫು, ನಾಲ್ಕು ಬಾಗಿಲು. ಮನೆಯವರಿಗೆ ಅದು ಮುಂಭಾಗದ ಅಳತೆಯಲ್ಲಿ 42 ಚದರ ಅಡಿ. ನಿಮಗೆ ಹಿಂಬದಿಯ ಹಲಗೆ ಬಿಟ್ಟೇ 132 ಚದರ ಅಡಿ ಪ್ಲೈವುಡ್. 8x4 ಶೀಟು ಅಂದರೆ 32 ಚದರ ಅಡಿ, ಹಾಗಾಗಿ ಕಾಗದದ ಮೇಲೆ ನಾಲ್ಕು ಶೀಟು, ಮೇಲೆ ಚೂರು. ಆದರೆ ಕೊಯ್ಯಲು ಕೂತರೆ 7 ಅಡಿಯ ಒಂದೊಂದು ತುಂಡಿಗೂ ತುದಿಯಲ್ಲಿ ಒಂದಡಿ ಉಳಿಯುತ್ತೆ, ಒಂದೂವರೆ ಅಡಿ ಅಗಲದ ಬಾಗಿಲು ಒಂದು ಶೀಟಿಗೆ ಎರಡೇ ಬರುತ್ತೆ, ಕೊನೆಗೆ ಆರು ಶೀಟು ಬೇಕಾಗುತ್ತೆ. ಕೊಟೇಷನ್ ಬರೆಯುವ ಮುಂಚೆ ಈ ಕಟಿಂಗ್ ಲೆಕ್ಕ ನಿಮ್ಮ ಪುಸ್ತಕದಲ್ಲಿ ಇರಲೇಬೇಕು. ಅದನ್ನು ಮನೆಯವರಿಗೆ ತೋರಿಸಬೇಕಿಲ್ಲ.

ಅವರಿಗೆ ಕೊಡುವ ಕಾಗದದಲ್ಲಿ ಸುಮ್ನೆ 'ವಾರ್ಡ್‌ರೋಬ್, ಇಷ್ಟು ರೂಪಾಯಿ' ಅಂತ ಬರೆಯಬೇಡಿ. ಹೀಗೆ ಬರೆಯಿರಿ: 'ಮಾಸ್ಟರ್ ಬೆಡ್‌ರೂಂ ವಾರ್ಡ್‌ರೋಬ್, 7x6 ಅಡಿ, 18 ಎಂಎಂ ಐಎಸ್ 303 ಪ್ಲೈವುಡ್, ಹೊರಗೆ 1 ಎಂಎಂ ಲ್ಯಾಮಿನೇಟ್, ಸಾಫ್ಟ್ ಕ್ಲೋಸ್ ಹಿಂಜ್, ಲಾಫ್ಟ್ ಸೇರಿಲ್ಲ.' ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ ಇರುವ ಗುಣಮಟ್ಟದ ನಂಬರು. ಪ್ಲೈವುಡ್ ಕಂಪನಿಯ ಹೆಸರನ್ನೂ ಬರೆಯಿರಿ. ಇನ್ನೊಬ್ಬರು ಕಡಿಮೆ ರೇಟು ಕೊಟ್ಟಿದ್ದರೆ ಯಾವ ಪ್ಲೈವುಡ್ಡಿಗೆ ಕೊಟ್ಟಿದ್ದಾರೆ ಅಂತ ಮನೆಯವರೇ ಹೋಗಿ ಕೇಳುತ್ತಾರೆ, ಅಲ್ವಾ? ನಿಮ್ಮ ಪರ ಮಾತಾಡುವುದು ಈ ಒಂದು ಸಾಲೇ.

'ಸೇರಿಲ್ಲ' ಅನ್ನುವ ಪಟ್ಟಿಯನ್ನು ದಯವಿಟ್ಟು ಬಿಡಬೇಡಿ. ನಾನು ನೋಡಿದ ಜಗಳ ಜಾಸ್ತಿ ರೇಟಿನದಲ್ಲ, ಮೊದಲೇ ಹೇಳದೆ ಬಿಟ್ಟದ್ದರದು. ಗ್ರಾನೈಟ್ ಕಟಿಂಗ್, ಎಲೆಕ್ಟ್ರಿಕಲ್ ಪಾಯಿಂಟ್, ಮೂರನೇ ಮಹಡಿಗೆ ಶೀಟು ಹೊರುವ ಕೂಲಿ, ಕೆಲಸ ಮುಗಿದ ಮೇಲಿನ ಕಸ, ಇವೆಲ್ಲ ಯಾರ ಪಾಲು ಅಂತ ಬರೆದಿಡಿ.

ಜಿಎಸ್‌ಟಿ ಬಗ್ಗೆ ಭಯ ಬೇಡ. ನಿಮ್ಮಂಥ ಸೇವೆಯ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಆದರೆ ನೋಂದಣಿ ಇಲ್ಲದವರು ಬಿಲ್ಲಲ್ಲಿ ಜಿಎಸ್‌ಟಿ ಅಂತ ವಸೂಲಿ ಮಾಡುವ ಹಾಗಿಲ್ಲ. ನೀವು ಪ್ಲೈವುಡ್ ಅಂಗಡಿಯಲ್ಲಿ ಕಟ್ಟಿದ ತೆರಿಗೆ ಮಾತ್ರ ನಿಮ್ಮ ಖರ್ಚೇ, ಅದನ್ನು ರೇಟಿನೊಳಗೇ ಹಿಡಿಯಿರಿ.

ಪ್ಲೈವುಡ್ ರೇಟು ಏರುತ್ತಿರುತ್ತೆ, ಆದ್ದರಿಂದ 'ಈ ರೇಟು 15 ದಿನಕ್ಕೆ ಮಾತ್ರ' ಅಂತ ಸೇರಿಸಿ. ಅಡ್ವಾನ್ಸು ಮೊದಲ ಲೋಡ್ ಮಾಲಿಗೆ ಸಾಕಾಗುವಷ್ಟು ಇರಲಿ. ಉಳಿದದ್ದನ್ನು ತಾರೀಖಿಗೆ ಕಟ್ಟಬೇಡಿ, ಕೆಲಸಕ್ಕೆ ಕಟ್ಟಿ: ಬಾಕ್ಸ್ ನಿಂತಾಗ ಇಷ್ಟು, ಬಾಗಿಲು ಕೂರಿಸಿದಾಗ ಇಷ್ಟು, ಕೀ ಕೊಡುವಾಗ ಕೊನೆಯ ಕಂತು.

ಅವರು ಚೌಕಾಸಿ ಮಾಡೇ ಮಾಡುತ್ತಾರೆ. ಆಗ ರೇಟು ಇಳಿಸಬೇಡಿ, ಸಾಮಾನು ಬದಲಾಯಿಸಿ ತೋರಿಸಿ. ನೀರು ತಾಗುವ ಸಿಂಕ್ ಕೆಳಗೆ ಐಎಸ್ 710, ಅಂದರೆ ನೀರು ತಡೆಯುವ ಮರೈನ್ ಪ್ಲೈವುಡ್ ಇರಲೇಬೇಕು, ಅಲ್ಲಿ ರಾಜಿ ಬೇಡ. ಆದರೆ ಬೆಡ್‌ರೂಮಲ್ಲೂ ಅದೇ ಬೇಕು ಅಂದಿದ್ದರೆ ಅಲ್ಲಿ 303ಕ್ಕೆ ಇಳಿಯಬಹುದು, ಒಳಗಿನ ಡ್ರಾಯರ್ ಎರಡು ಕಮ್ಮಿ ಮಾಡಬಹುದು. ಸುಮ್ನೆ ಐದು ಸಾವಿರ ಬಿಟ್ಟರೆ ಮೊದಲು ಹೇಳಿದ ರೇಟೇ ಸುಳ್ಳು ಅಂದುಕೊಳ್ಳುತ್ತಾರೆ.

ಕೆಲಸದ ನಡುವೆ 'ಇಲ್ಲೊಂದು ಶೆಲ್ಫ್ ಹಾಕಿಬಿಡಿ' ಅಂದರೆ ಹಾಕಿ, ಆದರೆ ಅದರ ರೇಟನ್ನು ಅವತ್ತೇ ವಾಟ್ಸಾಪಲ್ಲಿ ಕಳಿಸಿ ಒಪ್ಪಿಗೆ ಬಂದ ಮೇಲೆ ಗರಗಸ ಹಿಡಿಯಿರಿ.