1.7 ಕೋಟಿಯ ದಾವೆ: ಹೈಕೋರ್ಟೋ, ಜಿಲ್ಲಾ ಕೋರ್ಟೋ?

ದೆಹಲಿಯ ಗೆಳೆಯರಿಗೆ ಕೈಸಾಲ ಕೊಟ್ಟ 1.7 ಕೋಟಿಯ ವಸೂಲಿಗೆ ಅಲ್ಲಿನ ಹೈಕೋರ್ಟಿನಲ್ಲೇ ನೇರ ದಾವೆ ಹಾಕಬಹುದೇ ಎಂದು ಕೇಳಿದ್ದೀರಿ. ಈಗ ಆಗುವುದಿಲ್ಲ ಸರ್. ದೆಹಲಿ ಹೈಕೋರ್ಟ್ ಕಾಯ್ದೆಯ 2015ರ ತಿದ್ದುಪಡಿಗೆ ಮುಂಚೆ 20 ಲಕ್ಷ ದಾಟಿದ್ದೆಲ್ಲ ಹೈಕೋರ್ಟಿಗೇ ಹೋಗುತ್ತಿತ್ತು. ಆ ಮಿತಿ ಈಗ 2 ಕೋಟಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 15ನೇ ಕಲಮಿನ ಪ್ರಕಾರ, ಅಧಿಕಾರವಿರುವ ಅತಿ ಕೆಳಗಿನ ಕೋರ್ಟಿನಲ್ಲೇ ದಾವೆ ಹೂಡಬೇಕು, ಅಂದರೆ ನಿಮ್ಮ 1.7 ಕೋಟಿಯ ದಾವೆ ಜಿಲ್ಲಾ ಕೋರ್ಟಿಗೆ.

ಆದರೆ ಬಡ್ಡಿ ಲೆಕ್ಕ ಹಾಕಿದ್ದೀರಾ? ದಾವೆ ಹಾಕುವ ದಿನದವರೆಗಿನ ಬಡ್ಡಿಯನ್ನೂ ಕೇಳುವುದಾದರೆ ಅದೂ ದಾವೆಯ ಮೌಲ್ಯಕ್ಕೆ ಸೇರುತ್ತದೆ. ಒಟ್ಟು 2 ಕೋಟಿ ದಾಟಿದರೆ ಕಥೆಯೇ ಬೇರೆ, ಹೈಕೋರ್ಟಿಗೇ ಹೋಗಬೇಕು. ಮುಂದೆ ಬರುವ ಬಡ್ಡಿ ಲೆಕ್ಕಕ್ಕಿಲ್ಲ. ಹಾಗಂತ ಹೈಕೋರ್ಟಿನ ಆಸೆಗೆ ಮೊತ್ತ ಉಬ್ಬಿಸಬೇಡಿ, ಕೋರ್ಟ್ ಶುಲ್ಕವೂ ಜೊತೆಗೇ ಉಬ್ಬುತ್ತದೆ!

ತಪ್ಪು ಕೋರ್ಟಿಗೆ ಹಾಕಿದರೆ ದಾವೆ ವಜಾ ಆಗಿಯೇ ಬಿಡುತ್ತದೆ ಎಂಬ ಭಯ ಬೇಡ. ಸಾಮಾನ್ಯವಾಗಿ ವಾದಪತ್ರವನ್ನು ಹಿಂದಿರುಗಿಸುತ್ತಾರೆ, ಸರಿಯಾದ ಕೋರ್ಟಿಗೆ ಸಲ್ಲಿಸಬಹುದು. ಪ್ರಾಮಾಣಿಕವಾಗಿ ಅಲ್ಲಿ ಕಳೆದ ಸಮಯವನ್ನು ಕಾಲಮಿತಿ ಕಾಯ್ದೆಯ 14ನೇ ಕಲಮಿನಡಿ ದಾವೆ ಹೂಡುವ ಗಡುವಿನ ಲೆಕ್ಕದಿಂದ ಬಿಡಿಸಿಕೊಳ್ಳಲೂ ಅವಕಾಶವಿದೆ. ನನ್ನನ್ನು ಕೇಳಿದರೆ ಜಿಲ್ಲಾ ಕೋರ್ಟೇ ವಾಸಿ: ಅಲ್ಲಿ ಸೋತರೂ ಮೇಲ್ಮನವಿಗೆ ಹೈಕೋರ್ಟ್ ಇದ್ದೇ ಇದೆ.