‘ಕರಗಿಸುತ್ತದೆ’ ಎಂದು ಬರೆಯುವ ಮುನ್ನ

ಪ್ರಿಯ ಲೇಖಕಿಯವರಿಗೆ,

ನಿಮ್ಮ ‘ಬೊಜ್ಜಿಗೆ ಅರಿಶಿನವೇ ಮದ್ದು’ ಲೇಖನ ತಲುಪಿದೆ. ಸಸ್ಯಗಳಲ್ಲಿರುವ ರಾಸಾಯನಿಕಗಳು ಕೊಬ್ಬಿನ ಕೋಶಗಳ ಹುಟ್ಟಿನ ಮೇಲೆ ಏನು ಪರಿಣಾಮ ಬೀರುತ್ತವೆ ಎಂಬುದನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೀರಿ, ಸಂತೋಷ. ಭಾಷೆ ಸರಾಗವಾಗಿದೆ, ಕಾಗುಣಿತದ ತಪ್ಪುಗಳಿಲ್ಲ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ.

ಎಷ್ಟೋ ಸಲ ಇಷ್ಟೇ ಬರೆದು ಲಕೋಟೆ ಅಂಟಿಸುತ್ತೇನೆ. ನಿಮ್ಮ ಲೇಖನದ ನಾಲ್ಕನೆಯ ಪುಟ ಹಾಗೆ ಮಾಡಲು ಬಿಡಲಿಲ್ಲ. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸಿದ ದಿನಗಳನ್ನು ನೆನೆಯುತ್ತಾ ನೀವು ಹೀಗೆ ಬರೆದಿದ್ದೀರಿ: “ಎಂಟನೆಯ ದಿನ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಕದಿರಿನಂತೆ ನೀಳವಾಗಿದ್ದ ಕೋಶಗಳು ಗುಂಡಗಾಗಿದ್ದವು. ಬಣ್ಣ ಹಾಕಿದೊಡನೆ ಒಳಗೆಲ್ಲ ದಾಳಿಂಬೆ ಕಾಳಿನಂಥ ಕೆಂಪು ಹನಿಗಳು.” ಆ ಕೆಂಪು ಹನಿಗಳೇ ಕೊಬ್ಬು. ಇದನ್ನು ಮೂರು ಸಲ ಓದಿದೆ. ಇದನ್ನು ಕಣ್ಣಾರೆ ಕಂಡವರೇ ಮೊದಲ ಪುಟವನ್ನೂ ಬರೆದರೆಂದು ನಂಬಲು ನನಗೆ ಕಷ್ಟವಾಯಿತು. ಆ ಸಿಟ್ಟಿನಲ್ಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ವಾಕ್ಯ ಇದು: “ಅರಿಶಿನದಲ್ಲಿರುವ ಕರ್ಕ್ಯುಮಿನ್ ಕೊಬ್ಬಿನ ಕೋಶಗಳನ್ನು ಕರಗಿಸುತ್ತದೆ ಎಂದು ಸಂಶೋಧನೆಯಿಂದ ಸಾಬೀತಾಗಿದೆ.”

‘ಕರಗಿಸುತ್ತದೆ’ ಎಂಬ ಕ್ರಿಯಾಪದವನ್ನೇ ಮೊದಲು ಹಿಡಿಯುತ್ತೇನೆ. ನಿಮ್ಮ ಇನ್ನೊಂದು ತಟ್ಟೆಗೆ ಕರ್ಕ್ಯುಮಿನ್ ಬಿದ್ದದ್ದು ಯಾವಾಗ? ನೀವೇ ಐದನೆಯ ಪುಟದಲ್ಲಿ ಹೇಳಿರುವಂತೆ, ಮೊದಲ ದಿನವೇ. ಇನ್ಸುಲಿನ್, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮತ್ತು ಐಬಿಎಂಎಕ್ಸ್ ಎಂಬ ರಾಸಾಯನಿಕ ಸೇರಿಸಿದ ದ್ರಾವಣ ಆ ನೀಳ ಕೋಶಗಳಿಗೆ ‘ಇನ್ನು ಕೊಬ್ಬಿನ ಕೋಶಗಳಾಗಿ’ ಎಂದು ಅಪ್ಪಣೆ ಕೊಡುವ ಹೊತ್ತಿಗೆ. ಆ ಅಪ್ಪಣೆಯನ್ನು ಒಳಗೆ ಜಾರಿಗೆ ತರುವ ಪಿಪಿಎಆರ್-ಗಾಮಾ, ಸಿ/ಇಬಿಪಿ-ಆಲ್ಫಾ ಎಂಬ ಪ್ರೋಟೀನುಗಳು ಏಳದಂತೆ ಕರ್ಕ್ಯುಮಿನ್ ತಡೆಯುತ್ತದೆ. ಕೊಬ್ಬೇ ಕೂಡಿರದ ಕೋಶದಲ್ಲಿ ಕರಗುವುದೇನು? ಗದ್ದೆಯಲ್ಲಿ ಬೀಜ ಮೊಳೆಯದಂತೆ ಮಾಡಿದವರು ‘ಪೈರು ಕೊಯ್ದೆ’ ಎಂದು ಹೇಳಿಕೊಂಡ ಹಾಗಾಯಿತು.

ಇದು ಪದದ ಮೇಲಿನ ಹಟವೆಂದು ತಿಳಿಯಬೇಡಿ. ನಮ್ಮ ಓದುಗರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ನಿಮಗೆ ಗೊತ್ತಿರಲೇಬೇಕು. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಬಿಟ್ಟ ಕಾರ್ಬನ್-14 ಕೋಶಗಳ ಡಿಎನ್‌ಎಯಲ್ಲಿ ಎಷ್ಟು ಸೇರಿದೆ ಎಂದು ಅಳೆದು, ಅವರು ಕೊಬ್ಬಿನ ಕೋಶಗಳ ವಯಸ್ಸನ್ನು ಲೆಕ್ಕ ಹಾಕಿದರು. ಕೋಶಗಳ ಸಂಖ್ಯೆ ಬಾಲ್ಯ, ಹದಿಹರೆಯದಲ್ಲಿ ಬೆಳೆದು, ದೊಡ್ಡವರಾದ ಮೇಲೆ ಹೆಚ್ಚುಕಡಿಮೆ ಸ್ಥಿರವಾಗಿ ನಿಲ್ಲುತ್ತದೆ. ಶಸ್ತ್ರಚಿಕಿತ್ಸೆಯಿಂದ ತೂಕ ಬಹಳ ಇಳಿದವರಲ್ಲೂ ಕೋಶಗಳು ಸಣ್ಣದಾದವೇ ಹೊರತು ಎಣಿಕೆ ಇಳಿಯಲಿಲ್ಲ. ಆದರೆ ವರ್ಷಕ್ಕೆ ಸುಮಾರು ಶೇ 10ರಷ್ಟು ಕೋಶಗಳು ಸತ್ತು, ಅಷ್ಟೇ ಹೊಸದಾಗಿ ಹುಟ್ಟುತ್ತವೆ. ಹೊಸ ಹುಟ್ಟನ್ನು ತಡೆಯುವ ಸಸ್ಯದ ಅಣುವೊಂದಕ್ಕೆ ಕೆಲಸವಿದ್ದರೆ ಇಲ್ಲಿ, ಈ ಶೇ 10ರಲ್ಲಿ. ನಿಮ್ಮ ಲೇಖನದ ಜೀವಾಳ ಇದಾಗಬೇಕಿತ್ತು. ‘ಕರಗಿಸುತ್ತದೆ’ ಎಂದು ಬರೆದ ಕೂಡಲೇ ಆ ಬಾಗಿಲು ಮುಚ್ಚಿತು.

ಇನ್ನು ‘ಸಾಬೀತಾಗಿದೆ’. ಆರು ಪುಟಗಳಲ್ಲಿ ಈ ಪದ ಹನ್ನೊಂದು ಕಡೆ ಇದೆ. ‘ಇಲಿ’ ಎಂಬ ಪದ ಒಂದು ಕಡೆಯೂ ಇಲ್ಲ. ನೀವು ಬಳಸಿದ 3ಟಿ3-ಎಲ್1 ಕೋಶಗಳು ಇಲಿಯ ಭ್ರೂಣದಿಂದ ಬಂದವು. ಅಮೆರಿಕದ ಹೋವರ್ಡ್ ಗ್ರೀನ್ ಅವರ ಪ್ರಯೋಗಾಲಯ 1970ರ ದಶಕದಲ್ಲಿ ಬೆಳೆಸಿದ ತಳಿ. ಅದನ್ನು ಹೇಳಿದರೆ ಲೇಖನದ ಮರ್ಯಾದೆ ಕುಗ್ಗುವುದಿಲ್ಲ. ಕನ್ನಡದ ‘ಆಗಿದೆ’ ತುಂಬ ಉದಾರಿ. ಯಾರಲ್ಲಿ ಆಯಿತು, ಎಲ್ಲಿ ಆಯಿತು ಎಂದು ಕೇಳದೆಯೇ ವಾಕ್ಯವನ್ನು ಮುಗಿಸಿಕೊಡುತ್ತದೆ. ವಿಜ್ಞಾನ ಬರೆಯುವವರು ಆ ಉದಾರತೆಯನ್ನು ಬಳಸಿಕೊಳ್ಳಬಾರದು.

ಮೂರನೆಯ ಪುಟದ ಈ ಸಾಲಂತೂ ನನ್ನನ್ನು ಕಾಡಿತು: “ಸಾರಿಗೆ ಹಾಕುವ ಚಿಟಿಕೆ ಅರಿಶಿನ, ಜೊತೆಗೆ ನಾಲ್ಕು ಕಾಳುಮೆಣಸು ಸಾಕು, ಮೆಣಸು ಕರ್ಕ್ಯುಮಿನ್ನಿನ ಹೀರಿಕೆಯನ್ನು ಎರಡು ಸಾವಿರ ಪಟ್ಟು ಹೆಚ್ಚಿಸುತ್ತದೆ.” ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನ ಇದರ ಮೂಲ. ಅದು ಹೇಳಿದ್ದು ಶೇ 2000, ಅಂದರೆ ಇಪ್ಪತ್ತು ಪಟ್ಟಿನ ಆಸುಪಾಸು. ನೀವು ನೂರು ಪಟ್ಟು ಉಬ್ಬಿಸಿದ್ದೀರಿ. ಅದೇ ಅಧ್ಯಯನದ ಇನ್ನೊಂದು ಅರ್ಧವನ್ನು ಬಿಟ್ಟಿದ್ದೀರಿ: ಮೆಣಸಿನ ಅಂಶವಿಲ್ಲದೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಅಳತೆಗೇ ಸಿಗಲಿಲ್ಲ, ಇಲ್ಲವೇ ತೀರ ಅಲ್ಪವಾಗಿತ್ತು. ತೀರ ಅಲ್ಪವಾದದ್ದು ಇಪ್ಪತ್ತು ಪಟ್ಟಾದರೂ ಅಲ್ಪವೇ. ಆದರೆ ನಿಮ್ಮ ತಟ್ಟೆಯ ದ್ರಾವಣದಲ್ಲಿದ್ದ ಕರ್ಕ್ಯುಮಿನ್ 20 ಮೈಕ್ರೋಮೋಲಾರ್ ಸಾಂದ್ರತೆಯದು. ಕರ್ಕ್ಯುಮಿನ್ನಿನ ಅಣುತೂಕ 368. ಗುಣಿಸಿ ನೋಡಿದರೆ ಲೀಟರಿಗೆ 7 ಮಿಲಿಗ್ರಾಂಗಿಂತ ಹೆಚ್ಚು. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರಷ್ಟು. ಆ 2 ಗ್ರಾಮಿಗೇ ಅರವತ್ತು ಗ್ರಾಂ ಮೀರಿ ಪುಡಿ ಬೇಕು. ಚಿಟಿಕೆ ಎಲ್ಲಿ, ಇದೆಲ್ಲಿ?

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ತೊಂಬತ್ತರ ದಶಕದ ನಡುವೆ ನಾನೊಂದು ವಾರಪತ್ರಿಕೆಯಲ್ಲಿ ಉಪಸಂಪಾದಕನಾಗಿ ಸೇರಿದ್ದೆ. ಊರು ಸಿದ್ದಾಪುರದ ಕಡೆ. ನಮ್ಮಲ್ಲಿ ಉಪ್ಪಾಗೆ ಎಂಬ ಹುಳಿ ಹಣ್ಣಿನ ಸಿಪ್ಪೆ ಮಳೆಗಾಲವೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗುತ್ತಿತ್ತು. ಆಗ ಇದ್ದಕ್ಕಿದ್ದಂತೆ ಅದಕ್ಕೆ ಬೆಲೆ ಬಂತು. ತೂಕ ಇಳಿಸುವ ಮಾತ್ರೆಗಾಗಿ ಅದು ವಿದೇಶಕ್ಕೆ ಹೋಗತೊಡಗಿತು, ಜನ ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದರು, ಸಿಪ್ಪೆ ಒಣಗಿಸಲು ಕಾಡಿನ ಸೌದೆ ರಾಶಿ ರಾಶಿ ಉರಿಯಿತು. ಉಪ್ಪಾಗೆಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ಲೂಯಿಸ್ ಮತ್ತು ನೀಲಕಂಠನ್. ಸಕ್ಕರೆಯ ಅಂಶ ಕೊಬ್ಬಾಗಲು ಬೇಕಾದ ಒಂದು ಕಿಣ್ವಕ್ಕೆ ಅದು ಅಡ್ಡಬರುತ್ತದೆ ಎಂಬುದು ಬಳಿಕ ತಿಳಿಯಿತು. ಇಷ್ಟನ್ನು ಓದಿಕೊಂಡು, ನಮ್ಮ ಊರಿನ ಹಣ್ಣೆಂಬ ಅಭಿಮಾನದಲ್ಲಿ, ‘ಕೊಬ್ಬು ಕರಗಿಸುವ ಉಪ್ಪಾಗೆ’ ಎಂದು ಬರೆದೆ. ಅಚ್ಚಾಯಿತು.

ಆ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಅತ್ತೆ ದಿನಕ್ಕೆರಡು ಲೋಟ ಉಪ್ಪಾಗೆ ಕಷಾಯ ಕುಡಿಯುತ್ತಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಎರಡು ತಿಂಗಳಾಗಿತ್ತು. ಪತ್ರಿಕೆಯ ಆ ಹಾಳೆಯನ್ನು ಮಡಚಿ ಮಾತ್ರೆಯ ಡಬ್ಬಿಯಲ್ಲೇ ಇಟ್ಟುಕೊಂಡಿದ್ದರು. “ಅಪ್ಪೀ, ನೀನೇ ಬರೆದದ್ದಲ್ಲವೋ?” ಎಂದರು. ಅವರ ಕಾಲಿನ ಗಾಯ ಆ ಚಳಿಗಾಲವಿಡೀ ಮಾಯಲಿಲ್ಲ.

1998ರ ಕೊನೆಯಲ್ಲಿ ನಮ್ಮ ಸಂಪಾದಕರು ಒಂದು ಕತ್ತರಿಸಿದ ಸುದ್ದಿಯನ್ನು ನನ್ನ ಮೇಜಿನ ಮೇಲಿಟ್ಟರು. ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ಪರೀಕ್ಷೆ ನಡೆದಿತ್ತು. ಉಪ್ಪಾಗೆಯ ಆಮ್ಲ ದಿನಕ್ಕೆ 1500 ಮಿಲಿಗ್ರಾಂ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು, ಔಷಧವಿಲ್ಲದ ಹುಸಿ ಮಾತ್ರೆ ತಿಂದವರು 4.1 ಕಿಲೋ. “ಯಾರಲ್ಲಿ, ಎಷ್ಟರಲ್ಲಿ ಎಂದು ನಾನು ಅಂದೇ ಕೇಳಬೇಕಿತ್ತು, ತಪ್ಪು ನನ್ನದೂ ಹೌದು” ಎಂದರು ಅವರು. ತಿದ್ದುಪಡಿಯ ಬರಹವನ್ನು ನನ್ನ ಹೆಸರಿನಲ್ಲೇ ಹಾಕಿಸಿದರು. ಅತ್ತೆಗೆ ಅದನ್ನು ನಾನೇ ಹೋಗಿ ಓದಿ ಹೇಳಿದೆ.

ಒಂದು ಪದ ಇನ್ನೂ ಉಳಿದಿದೆ. ಕೊಬ್ಬಿನ ಕೋಶಗಳನ್ನು ನೀವು ‘ಶತ್ರುಗಳು’ ಎಂದಿದ್ದೀರಿ. ಹುಟ್ಟಿನಿಂದಲೇ ಕೊಬ್ಬಿನ ಕೋಶಗಳು ಬಹುಪಾಲು ಇಲ್ಲದ ಮಕ್ಕಳಿದ್ದಾರೆ. ಇಡಲು ಜಾಗವಿಲ್ಲದೆ ಕೊಬ್ಬು ಅವರ ಯಕೃತ್ತಿನಲ್ಲಿ ತುಂಬಿ, ತೀವ್ರ ಸಕ್ಕರೆ ಕಾಯಿಲೆ ಬರುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಜೋನ್ ಮಾತ್ರೆಯಂತೂ ಅದೇ ಪಿಪಿಎಆರ್-ಗಾಮಾವನ್ನು ಎಬ್ಬಿಸಿ ಹೊಸ ಕೊಬ್ಬಿನ ಕೋಶಗಳಿಗೆ ದಾರಿ ಮಾಡುತ್ತದೆ. ಆ ಪದವನ್ನು ತೆಗೆಯಿರಿ.

ಇನ್ನುಳಿದ ಪುಟಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮೊದಲ ಮೂರು ಪುಟ ಬಿಟ್ಟು, ಎಂಟನೆಯ ದಿನದ ತಟ್ಟೆಯಿಂದ ಆರಂಭಿಸಿ ಮತ್ತೆ ಬರೆಯಿರಿ. ದಾಳಿಂಬೆ ಕಾಳುಗಳನ್ನು ತೋರಿಸಿದಿರಿ, ಅವು ಕರ್ಕ್ಯುಮಿನ್ ಹಾಕದ ಕೋಶಗಳು. ಪಕ್ಕದ ತಟ್ಟೆಯಲ್ಲಿ, ಕರ್ಕ್ಯುಮಿನ್ ಹಾಕಿದಲ್ಲಿ, ನಿಮಗೆ ಕಂಡದ್ದೇನು? ಕೆಂಪು ಕಡಿಮೆಯಾಯಿತು ಎಂದಷ್ಟೇ ಬರೆದಿದ್ದೀರಿ. ಕೋಶಗಳು ನೀಳವಾಗಿಯೇ ಬದುಕಿ ಉಳಿದಿದ್ದವೋ, ಅಥವಾ ಸತ್ತು ತೊಳೆದುಹೋಗಿ ತಟ್ಟೆ ಬರಿದಾಗಿತ್ತೋ? ಲೆಕ್ಕ ಇಟ್ಟಿದ್ದರೆ ಅದನ್ನೂ ಬರೆದು ಕಳುಹಿಸಿ.

ಇಂತಿ,
ಸಂಪಾದಕ